ಕಡಿಮೆ ತೂಕದ ಕೂಸನ್ನು ಎದೆಗೆ ಕಟ್ಟಿಕೊಳ್ಳುವುದು ಹೇಗೆ

ನನ್ನ ಮಗಳು ಹುಟ್ಟಿದ್ದು 1989ರ ಜುಲೈ ತಿಂಗಳಲ್ಲಿ, ಮುಂಬೈಯ ಒಂದು ಆಸ್ಪತ್ರೆಯಲ್ಲಿ. ದಿನ ತುಂಬಿರಲಿಲ್ಲ. ತೂಕ 1,700 ಗ್ರಾಂ. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಗೆ ಒಯ್ದರು. ಹನ್ನೊಂದು ದಿನ ನಾನು ಅವಳನ್ನು ಕಿಟಕಿಯಿಂದ ನೋಡಿದೆ. ಮುಟ್ಟಲು ಬಿಡಲಿಲ್ಲ. ಆಗಲೇ ನಾನು ನರ್ಸ್ ಆಗಿದ್ದೆ, ಆದರೂ ಕೇಳುವ ಧೈರ್ಯ ಬರಲಿಲ್ಲ. ಹನ್ನೆರಡನೇ ದಿನ ಕೈಗೆ ಕೊಟ್ಟಾಗ ಎದೆಹಾಲು ಹೆಚ್ಚುಕಡಿಮೆ ಬತ್ತಿತ್ತು. ಮಗಳು ಬದುಕಿದಳು, ಈಗ ಅವಳಿಗೇ ಇಬ್ಬರು ಮಕ್ಕಳು. ಆ ಹನ್ನೊಂದು ದಿನ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೂ 11 ವರ್ಷ ಮೊದಲೇ, 1978ರಲ್ಲಿ, ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಇದಕ್ಕೊಂದು ದಾರಿ ಸಿಕ್ಕಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯಲ್ಲಿ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಒಂದರಲ್ಲಿ ಎರಡು ಮೂರು ಕೂಸು ಮಲಗಿಸುತ್ತಿದ್ದರು. ಒಂದರ ಸೋಂಕು ಇನ್ನೊಂದಕ್ಕೆ ತಗಲುತ್ತಿತ್ತು. ಮಗುವಿನಿಂದ ದೂರ ಉಳಿದ ಕೆಲವು ತಾಯಂದಿರು ಬಿಟ್ಟೇ ಹೋಗುತ್ತಿದ್ದರು. ಎಡ್ಗರ್ ರೇ ಎಂಬ ಡಾಕ್ಟರ್ ಕೂಸುಗಳನ್ನು ತಾಯಿಯ ಬರಿ ಎದೆಗೇ ಕಟ್ಟಿಸಿದರು. ಮುಂದೆ ಹೆಕ್ಟರ್ ಮಾರ್ಟಿನೆಸ್ ಎಂಬ ಡಾಕ್ಟರ್ ಅವರ ಜೊತೆಯಾದರು. ಕಾಂಗರೂ ಮರಿ ಹುಟ್ಟುವಾಗ ಅವರೆಕಾಳಿನಷ್ಟೇ ಇರುತ್ತದೆ, ಆಮೇಲೆ ತಾಯಿಯ ಚೀಲದೊಳಗೇ ಬೆಳೆಯುತ್ತದೆ. ಅದಕ್ಕೇ ಇದಕ್ಕೆ ಕಾಂಗರೂ ಆರೈಕೆ ಅಂತ ಹೆಸರು. ಮುಂಬೈ ಆಸ್ಪತ್ರೆಗಳಲ್ಲಿ ಈಗ ಎಲ್ಲರೂ ಕೆ.ಎಂ.ಸಿ., ಅಂದರೆ ಕಾಂಗರೂ ಮದರ್ ಕೇರ್, ಅನ್ನುತ್ತಾರೆ.

ನನ್ನ ತವರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ. ಎಳೆ ಕೂಸುಗಳ ವಾರ್ಡಿನಲ್ಲಿ 29 ವರ್ಷ ಕೆಲಸ ಮಾಡಿ, ಈಗ ಡೊಂಬಿವಲಿಯಲ್ಲಿ ಇದ್ದೇನೆ. ವಾರಕ್ಕೆ ಎರಡು ಸಲ ಭಾಂಡುಪ್, ಕಲ್ಯಾಣ ಕಡೆ ನಮ್ಮೂರಿನವರ ಮನೆಗಳಿಗೆ ಹೋಗಿಬರುತ್ತೇನೆ. ಸೆಂಟ್ರಿಂಗ್ ಕೆಲಸದವರು, ಗಾರೆ ಕೆಲಸದವರು, ಮನೆಗೆಲಸದ ಹೆಣ್ಣುಮಕ್ಕಳು. ಆಸ್ಪತ್ರೆಯಲ್ಲಿ ಮರಾಠಿಯಲ್ಲಿ ಹೇಳಿದ್ದು ಅರ್ಧ ತಿಳಿದಿರುತ್ತದೆ, ಅರ್ಧ ಇಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಕೂಸಿಗೆ

ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ, ಅಥವಾ 37 ವಾರ ತುಂಬುವ ಮೊದಲೇ ಹುಟ್ಟಿದ್ದರೆ, ಆ ಕೂಸಿಗೆ ಇದು ಬೇಕು. ಮೊದಲು ಡಾಕ್ಟರನ್ನು ಕೇಳಿ. ನೀವೇ ಕೇಳಬೇಕು. ಗದ್ದಲದ ವಾರ್ಡಿನಲ್ಲಿ ಎಷ್ಟೋ ಸಲ ಹೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಮರಾಠಿ ಬರದಿದ್ದರೆ ಇಷ್ಟು ಬಾಯಿಪಾಠ ಮಾಡಿಕೊಳ್ಳಿ: "ಬಾಳಾಲಾ ಛಾತೀಶೀ ಧರಾಯಚಂ ಆಹೇ." ಮಗುವನ್ನು ಎದೆಗೆ ಹಿಡಿದುಕೊಳ್ಳಬೇಕು ಅಂತ ಅರ್ಥ. "ವಜನ ಕಿತೀ?" ಅಂದರೆ ತೂಕ ಎಷ್ಟು. "ದೂಧ ಪೀತ ನಾಹೀ" ಅಂದರೆ ಹಾಲು ಕುಡಿಯುತ್ತಿಲ್ಲ. ಈ ಮೂರನೆಯದು ಕೆಟ್ಟ ಹೊತ್ತಿನಲ್ಲಿ ಬೇಕಾಗುವ ಮಾತು, ಮನೆಯ ಎಲ್ಲರಿಗೂ ಕಲಿಸಿಡಿ.

ಮೊದಲೆಲ್ಲ ಕೂಸು ಪೂರ್ತಿ ಚೇತರಿಸಿಕೊಂಡ ಮೇಲೆಯೇ ತಾಯಿಗೆ ಕೊಡುತ್ತಿದ್ದರು. ಆ ಪದ್ಧತಿ ಬದಲಾಗಿದ್ದಕ್ಕೆ ಐದು ದೇಶಗಳ ತಾಯಂದಿರು ಕಾರಣ. ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ನಮ್ಮ ಭಾರತ. ನಮ್ಮಲ್ಲಿ ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆ. 2017ರಿಂದ 2020ರವರೆಗೆ, ವಿಶ್ವ ಆರೋಗ್ಯ ಸಂಸ್ಥೆಯ ಉಸ್ತುವಾರಿಯಲ್ಲಿ, 1 ಕಿಲೋದಿಂದ 1.8 ಕಿಲೋ ಒಳಗಿನ 3,211 ಕೂಸುಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಹುಟ್ಟಿದ ಕೂಡಲೇ ಎದೆ. ಇನ್ನೊಂದಕ್ಕೆ ಮೊದಲಿನಂತೆ ಚೇತರಿಸಿಕೊಂಡ ಮೇಲೆ. ಎದೆಗೆ ಕಟ್ಟಿದ ಕೂಸುಗಳು ತೀವ್ರ ನಿಗಾ ಘಟಕದಲ್ಲಿ ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದವು. ಮೊದಲ 28 ದಿನದಲ್ಲಿ ಆ ಗುಂಪಿನಲ್ಲಿ ತೀರಿಕೊಂಡವು ಶೇ. 12, ಇನ್ನೊಂದರಲ್ಲಿ ಶೇ. 15.7. ಇಷ್ಟು ವ್ಯತ್ಯಾಸ ಕಂಡ ಮೇಲೆ ಇನ್ನೊಂದು ಗುಂಪಿನ ಕೂಸುಗಳನ್ನು ಕಾಯಿಸುವುದು ಸರಿಯಲ್ಲ ಅಂತ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು: ಹುಟ್ಟಿದ ಕೂಡಲೇ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ ಮಾಡಿ.

ಇನ್ನೊಂದು ಪ್ರಶ್ನೆಯೂ ಇತ್ತು. ದೊಡ್ಡ ಆಸ್ಪತ್ರೆಯಲ್ಲಿ ಸರಿ, ಜಿಲ್ಲೆ ತಾಲೂಕಿನಲ್ಲಿ ಆಗುತ್ತದಾ? ಅದನ್ನು ಇಥಿಯೋಪಿಯಾದಲ್ಲೂ ಭಾರತದಲ್ಲೂ ಒಟ್ಟಿಗೆ ಮಾಡಿ ನೋಡಿದರು. ಭಾರತದಲ್ಲಿ ಆರಿಸಿದ ಜಾಗಗಳಲ್ಲಿ ನಮ್ಮ ಕೊಪ್ಪಳ ಜಿಲ್ಲೆಯೂ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯವರು ಅಲ್ಲಿ ಕೆಲಸ ಮಾಡಿದರು. ಇದನ್ನು ಓದಿದ ದಿನ ನನಗೆ ಆದ ಖುಷಿ ಇಷ್ಟಿಷ್ಟಲ್ಲ. ಯಲಬುರ್ಗಾ ಕಡೆಯ ಸೊಸೆಯಂದಿರಿಗೆ "ಇದು ನಿಮ್ಮ ಜಿಲ್ಲೆಯಲ್ಲೇ ಮಾಡಿ ನೋಡಿದ್ದು" ಅಂತ ಹೇಳಿದರೆ ಅವರ ಮುಖವೇ ಬೇರೆಯಾಗುತ್ತದೆ.

ಮೊದಲು ಮನೆಯವರನ್ನು ಕೂರಿಸಿ

ಬಟ್ಟೆ, ಗಂಟು ಎಲ್ಲ ಆಮೇಲೆ. ಎಂಟು ಗಂಟೆ ಒಬ್ಬ ಬಾಣಂತಿಯ ಕೈಲಿ ಆಗುವ ಕೆಲಸ ಅಂದುಕೊಂಡರೆ ಮೂರನೇ ದಿನಕ್ಕೇ ನಿಂತುಹೋಗುತ್ತದೆ. ನಾನು ನೋಡಿದ ಮನೆಗಳಲ್ಲಿ ಕೈಬಿಟ್ಟವರು ಹೆಚ್ಚಾಗಿ ಒಂಟಿ ತಾಯಂದಿರು. ಐದು ದೇಶಗಳ ಆಸ್ಪತ್ರೆಗಳಲ್ಲೂ ತಾಯಿಗೆ ಆಗದಾಗ ಮನೆಯವರೊಬ್ಬರು ಕೂಸನ್ನು ಎದೆಗೆ ಕಟ್ಟಿಕೊಂಡಿದ್ದಾರೆ. ಸಿಸೇರಿಯನ್ ಆದ ತಾಯಿ ಮೊದಲ ದಿನ ಏನು ಮಾಡಬೇಕು ಹೇಳಿ?

ಹೋದ ವರ್ಷ ಭಾಂಡುಪ್‌ನ ಒಂದು ಮನೆ. ಹತ್ತು ಅಡಿಗೆ ಹನ್ನೆರಡು ಅಡಿ ಖೋಲಿ. ಗಂಡ, ಹೆಂಡತಿ, ಅತ್ತೆ, ನಾದಿನಿ. ಆಸ್ಪತ್ರೆಯಿಂದ ಬಂದಾಗ ಕೂಸಿನ ತೂಕ 1,640 ಗ್ರಾಂ. ಗಂಡನೂ ಕಟ್ಟಿಕೊಳ್ಳಲಿ ಅಂದಾಗ ಅತ್ತೆ ಗಾಬರಿಯಾದರು. "ಗಂಡಸು ಕೂಸು ಎದಿಗೆ ಕಟ್ಕೊಂಡು ಕುಂದ್ರತಾನೇನ್ರೀ ಸಿಸ್ಟರ್?" ಅಂದರು. ನಾನು ಅವರಿಗೆ, "ಯವ್ವಾ, ಮೊದಲು ನೀವೇ ಒಂದು ತಾಸು ಕಟ್ಟಿಕೊಳ್ಳಿ, ಆಮೇಲೆ ಮಾತಾಡೋಣ" ಅಂದೆ. ಕಟ್ಟಿದೆ. ಇಪ್ಪತ್ತು ನಿಮಿಷದಲ್ಲಿ ಕೂಸು ಮಲಗಿತು. ಅದರ ತಣ್ಣಗಿದ್ದ ಪಾದ ಬೆಚ್ಚಗಾಯಿತು. ಆ ಪಾದ ಮುಟ್ಟಿ ನೋಡಿದ ಅತ್ತೆ ಮತ್ತೆ ಅಡ್ಡ ಮಾತಾಡಲಿಲ್ಲ. ಸಂಜೆ ಮಗನನ್ನು ಅವರೇ ಕೂರಿಸಿದರು.

ಆ ಮನೆಯಲ್ಲಿ ಪಾಳಿ ಹೀಗಿತ್ತು. ಬೆಳಿಗ್ಗೆ ಹತ್ತರಿಂದ ಹನ್ನೆರಡು ಅತ್ತೆ, ಆ ಹೊತ್ತಿಗೆ ಬಾಣಂತಿಗೆ ಸ್ನಾನ, ಊಟ, ಒಂದು ನಿದ್ದೆ. ರಾತ್ರಿ ಎಂಟರಿಂದ ಹನ್ನೊಂದು ಗಂಡ. ಉಳಿದಷ್ಟು ತಾಯಿ. ನಾದಿನಿ ಅಡುಗೆ, ನೀರು, ಬಟ್ಟೆ ನೋಡಿಕೊಂಡಳು. ಅವಳ ಕೆಲಸವನ್ನೂ ನಾನು ಪಾಳಿಯಲ್ಲೇ ಲೆಕ್ಕ ಹಿಡಿಯುತ್ತೇನೆ. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಒಂದು ತಾಸಿಗೆ ಒಂದು ಗೀಟು. ಮೊದಲ ದಿನ ನಾಲ್ಕು ಗೀಟು. ಎರಡನೇ ವಾರದಲ್ಲಿ ಹದಿಮೂರು. ನೀವೂ ಹೀಗೆ ಬರೆದಿಡಿ. ಬರೆಯದಿದ್ದರೆ ಮೂರು ತಾಸು ಮಾಡಿದ್ದೂ ಎಂಟು ತಾಸು ಮಾಡಿದಂತೆ ಅನಿಸುತ್ತದೆ.

ಕಟ್ಟುವ ರೀತಿ

ಕಟ್ಟಿಕೊಳ್ಳುವವರು ಆರೋಗ್ಯವಾಗಿರಬೇಕು. ಕೆಮ್ಮು, ಜ್ವರ, ಚರ್ಮದ ಸೋಂಕು ಇರಬಾರದು. ದಿನಾ ಸ್ನಾನ, ಕತ್ತರಿಸಿದ ಉಗುರು, ಸೋಪಿನಲ್ಲಿ ತೊಳೆದ ಕೈ. ತಾಳಿ ಸರವನ್ನು ಬೆನ್ನ ಹಿಂದೆ ಹಾಕಿಕೊಳ್ಳಿ, ಅದರ ಗುಂಡು ಕೂಸಿನ ಚರ್ಮಕ್ಕೆ ಒತ್ತುತ್ತದೆ. ಎದೆಗೆ ಅತ್ತರು, ವಿಕ್ಸ್ ಏನೂ ಬೇಡ. ಕಟ್ಟಡದ ಕೆಲಸ ಮಾಡುವ ಅಪ್ಪಂದಿರು ಸಿಮೆಂಟಿನ ಧೂಳು ಪೂರ್ತಿ ಹೋಗುವ ಹಾಗೆ ಸೋಪು ಹಚ್ಚಿ ಮೀಯಬೇಕು, ಸಿಮೆಂಟು ದೊಡ್ಡವರ ಚರ್ಮವನ್ನೇ ಸುಡುತ್ತದೆ. ಬೀಡಿ ಸಿಗರೇಟು ಸೇದಿ ಬಂದು ಕೂಸನ್ನು ಎತ್ತಿಕೊಳ್ಳಬೇಡಿ. ಎದೆಯಲ್ಲಿ ಕೂದಲಿದ್ದರೆ ತೊಂದರೆಯಾ ಅಂತ ಬಹಳ ಅಪ್ಪಂದಿರು ಕೇಳುತ್ತಾರೆ. ಏನೂ ತೊಂದರೆ ಇಲ್ಲ.

ಬಟ್ಟೆಗೆ ಹಳೆಯ ಮೆತ್ತನೆ ಹತ್ತಿ ಸೀರೆ ಅಥವಾ ಧೋತರ ಸಾಕು. ಎರಡೂವರೆ ಮೀಟರ್ ಉದ್ದ ಇರಲಿ. ರೇಷ್ಮೆ ಅಂಚಿನ ಇಳಕಲ್ ಸೀರೆ ಬೇಡ, ಜಾರುತ್ತದೆ. ಮುಂದೆ ಗುಂಡಿ ಇರುವ ಜಂಪರ್ ಅಥವಾ ಅಂಗಿ ಹಾಕಿಕೊಳ್ಳಿ. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ ಮಾತ್ರ. ಉಳಿದ ಮೈ ಬರಿದಾಗಿರಬೇಕು. ನಡುವೆ ಒಂದು ತೆಳು ಜುಬ್ಬಾ ಇರಲಿ ಅಂತ ಅಜ್ಜಿಯರು ಹೇಳುತ್ತಾರೆ. ಬೇಡ. ಚರ್ಮಕ್ಕೆ ಚರ್ಮ ತಾಗಿದರೇ ಎದೆಯ ಶಾಖ ಕೂಸಿಗೆ ಸೇರುತ್ತದೆ.

ಗೋಡೆಗೆ ಕೌದಿ ಸುತ್ತಿ ಇಟ್ಟು, ಮೇಲೆ ದಿಂಬು ಇಟ್ಟು, ಒರಗಿ ಕುಳಿತುಕೊಳ್ಳಿ. ಪೂರ್ತಿ ನೆಟ್ಟಗೂ ಬೇಡ, ಅಂಗಾತ ಮಲಗುವುದೂ ಬೇಡ, ಎರಡರ ನಡುವೆ. ಕೂಸನ್ನು ಎರಡು ಸ್ತನಗಳ ನಡುವೆ ನೆಟ್ಟಗೆ ನಿಲ್ಲಿಸಿದ ಹಾಗೆ ಇಡಿ. ಕಾಲುಗಳು ಕಪ್ಪೆಯಂತೆ ಅಗಲವಾಗಿ ಮಡಚಿರಬೇಕು. ಕೈಗಳೂ ಮಡಚಿ ಎದೆಯ ಮೇಲೆ. ತಲೆ ಒಂದು ಪಕ್ಕಕ್ಕೆ ತಿರುಗಿ, ಗದ್ದ ಒಂಚೂರು ಮೇಲಕ್ಕೆ. ಇಡೀ ವಿಧಾನದಲ್ಲಿ ನಾನು ಹತ್ತು ಸಲ ಹೇಳುವುದು ಈ ಗದ್ದದ ಮಾತನ್ನೇ. ಕೂಸಿನ ಗದ್ದ ಅದರ ಎದೆಗೆ ಬಿದ್ದರೆ ಉಸಿರಿನ ದಾರಿ ಮುಚ್ಚುತ್ತದೆ. ಎಳೆ ಕೂಸಿನ ಕತ್ತಿಗೆ ತಾನೇ ಎತ್ತಿಕೊಳ್ಳುವ ಶಕ್ತಿ ಇಲ್ಲ. ತಲೆ ತೀರಾ ಹಿಂದಕ್ಕೂ ಬೀಳಬಾರದು. ಮೂಗು, ಬಾಯಿ ಯಾವಾಗಲೂ ನಿಮ್ಮ ಕಣ್ಣಿಗೆ ಕಾಣುತ್ತಿರಬೇಕು.

ಈಗ ಇನ್ನೊಬ್ಬರು ಬಟ್ಟೆ ಹಿಡಿಯಲಿ. ಬಟ್ಟೆಯ ನಡುಭಾಗ ಕೂಸಿನ ಬೆನ್ನಿಗೆ ಬರಲಿ. ಮೇಲಿನ ಅಂಚು ಕೂಸಿನ ಕಿವಿಯ ಕೆಳಗೆ ನಿಲ್ಲಬೇಕು. ಎರಡೂ ತುದಿಗಳನ್ನು ನಿಮ್ಮ ಬೆನ್ನ ಹಿಂದೆ ದಾಟಿಸಿ ಮುಂದಕ್ಕೆ ತಂದು, ಕೂಸಿನ ಕುಂಡಿಯ ಕೆಳಗೆ ಗಂಟು ಹಾಕಿ. ಕೂಸು ಆ ಗಂಟಿನ ಮೇಲೆ ಕುಳಿತ ಹಾಗೆ ಇರುತ್ತದೆ. ಎದೆಯ ಹತ್ತಿರ ಬಿಗಿ, ಹೊಟ್ಟೆಯ ಹತ್ತಿರ ಸ್ವಲ್ಪ ಸಡಿಲ. ಉಸಿರಾಡಲು ಅದರ ಹೊಟ್ಟೆ ಏರಿಳಿಯಬೇಕು. ಎದ್ದು ನಿಂತಾಗ ಕೂಸು ಜಾರಬಾರದು. ಮೊದಲ ಸಲ ನಿಲ್ಲುವಾಗ ಕೆಳಗೆ ಒಂದು ಕೈ ಕೊಟ್ಟೇ ನಿಲ್ಲಿ.

ಒಮ್ಮೆ ಕಟ್ಟಿದರೆ ಕನಿಷ್ಠ ಒಂದು ತಾಸು ಬಿಚ್ಚಬೇಡಿ. ಬಿಚ್ಚಿ ಕಟ್ಟುವಾಗಲೆಲ್ಲ ಕೂಸಿಗೆ ಎಚ್ಚರ, ಚಳಿ, ಆಯಾಸ. ಕಟ್ಟಿಕೊಂಡೇ ಓಡಾಡಬಹುದು, ಊಟ ಮಾಡಬಹುದು, ಟಿವಿ ನೋಡಬಹುದು. ಒಲೆಯ ಮುಂದೆ ಮಾತ್ರ ಹೋಗಬೇಡಿ. ನಿದ್ದೆ ಬಂದರೆ ಒರಗಿಕೊಂಡೇ ಮಲಗಿ, ಕಟ್ಟು ಗಟ್ಟಿ ಇದೆಯಾ ನೋಡಿಕೊಂಡು. ಮೊದಮೊದಲು ರಾತ್ರಿ ಇನ್ನೊಬ್ಬರು ಎದ್ದು ಕೂಸಿನ ಮುಖ, ಗದ್ದ ನೋಡುತ್ತಿರಲಿ. ಕಟ್ಟದೆ ಸುಮ್ನೆ ಎದೆಯ ಮೇಲೆ ಮಲಗಿಸಿಕೊಂಡು ನಿದ್ದೆ ಹೋಗುವುದು ಅಪಾಯ. ಸೋಫಾದ ಮೇಲಂತೂ ಬೇಡವೇ ಬೇಡ.

ಮುಂಬೈ ಸೆಖೆಯಲ್ಲಿ ಇದು ಆಗುತ್ತದಾ ಅನ್ನುವುದು ಏಪ್ರಿಲ್, ಮೇ ತಿಂಗಳ ಪ್ರಶ್ನೆ. ಆಗುತ್ತದೆ. ಸಣ್ಣ ಕೂಸಿನ ಮೈಯಲ್ಲಿ ಕೊಬ್ಬಿಲ್ಲ, ನಮಗೆ ಬೆವರುವಾಗಲೂ ಅದಕ್ಕೆ ತಂಪಾಗಬಹುದು. ಫ್ಯಾನ್ ಇರಲಿ, ನೇರವಾಗಿ ಕೂಸಿನ ಮೇಲೆ ಬೀಸದಿರಲಿ. ತೀರಾ ಸೆಖೆ ಇದ್ದರೆ ಮೇಲೆ ಹೊದೆಯುವ ಬಟ್ಟೆ ತೆಗೆದು ಕಟ್ಟೊಂದನ್ನೇ ಉಳಿಸಿಕೊಳ್ಳಿ. ಅಂಗೈಯ ಹಿಂಭಾಗದಿಂದ ಮೊದಲು ಪಾದ, ಆಮೇಲೆ ಹೊಟ್ಟೆ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ತಣ್ಣಗೆ, ಹೊಟ್ಟೆ ಬೆಚ್ಚಗಿದ್ದರೆ ಚಳಿ ಶುರುವಾಗಿದೆ, ಕೂಡಲೇ ಎದೆಗೆ ಹಾಕಿ. ಎರಡೂ ತಣ್ಣಗಿದ್ದರೆ ಎದೆಗೆ ಹಾಕಿಕೊಂಡೇ ಆಸ್ಪತ್ರೆಗೆ ಹೊರಡಿ. ಬಾಣಂತಿಯ ಖೋಲಿಯಲ್ಲಿ ಕೆಂಡದ ಅಗ್ಗಿಷ್ಟಿಗೆ, ಲೋಬಾನದ ಹೊಗೆ ಹಾಕಬೇಡಿ. ಕಿಟಕಿ ಒಂದೇ ಇರುವ ಖೋಲಿಯಲ್ಲಿ ಆ ಹೊಗೆ ಹೋಗುವುದೆಲ್ಲಿಗೆ, ಅಲ್ವಾ? ಎಣ್ಣೆ ನೀರು ಹಾಕುವುದೂ ಡಾಕ್ಟರ್ ಹೂಂ ಅನ್ನುವವರೆಗೆ ನಿಲ್ಲಲಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಾಲು

ಎದೆಗೆ ಕಟ್ಟಿದ ಕೂಸು ಮೊಲೆಯ ಹತ್ತಿರವೇ ಇರುತ್ತದೆ. ತಾಯಿಗೆ ಹಾಲೂ ಚೆನ್ನಾಗಿ ಇಳಿಯುತ್ತದೆ. ಎರಡು ತಾಸಿಗೊಮ್ಮೆ ಕುಡಿಸಿ, ರಾತ್ರಿಯೂ. ಅಳಲಿ ಆಮೇಲೆ ಕುಡಿಸೋಣ ಅಂತ ಕಾಯಬೇಡಿ. ಸಣ್ಣ ಕೂಸಿಗೆ ಹಸಿವಾದರೂ ಅಳುವ ತ್ರಾಣ ಇರುವುದಿಲ್ಲ. ಚೀಪಲು ಆಗದಿದ್ದರೆ ಹಾಲು ಹಿಂಡಿ, ಕುದಿಸಿ ತೊಳೆದ ಸ್ಟೀಲಿನ ವಾಟಗಾ ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಬಾಟಲಿ ಬೇಡ. ಜೇನು, ಹರಳೆಣ್ಣೆ, ಬಜೆ, ಸಕ್ಕರೆ ನೀರು ಯಾವುದೂ ಬೇಡ. ನಮ್ಮ ಕಡೆ ಹರಳೆಣ್ಣೆ ನೆಕ್ಕಿಸದೆ ಬಿಡುವುದಿಲ್ಲ. ಈ ಒಂದು ವಿಷಯದಲ್ಲಿ ಅಜ್ಜಿಯರ ಕಾಲು ಹಿಡಿದಾದರೂ ತಡೆಯಿರಿ.

ತಾಯಿಗೆ ಹಾಲು ಸಾಲದಿದ್ದರೆ, ಕೂಸು ಇನ್ನೂ ಆಸ್ಪತ್ರೆಯಲ್ಲೇ ಇದ್ದರೆ, ಎದೆಹಾಲಿನ ಬ್ಯಾಂಕ್ ಬಗ್ಗೆ ಕೇಳಿ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಶುರುವಾಗಿದ್ದು ನಮ್ಮ ಮುಂಬೈಯಲ್ಲೇ, ಸಾಯನ್ ಆಸ್ಪತ್ರೆಯಲ್ಲಿ, 1989ರಲ್ಲಿ. ಮಾಡಿದವರು ಡಾ. ಅರ್ಮಿಡಾ ಫರ್ನಾಂಡಿಸ್. ನನ್ನ ಮಗಳು ಹುಟ್ಟಿದ ವರ್ಷವೇ ಅದು.

ಕಟ್ಟಿಕೊಂಡಾಗ ಕೂಸಿನ ಜೊತೆ ಮಾತಾಡಿ. ಏನಾದರೂ ಸರಿ. ಭಾಂಡುಪ್‌ನ ಆ ಅಪ್ಪ ಮೊದಲೆರಡು ದಿನ ಮೊಬೈಲು ನೋಡುತ್ತಾ ಕುಳಿತಿದ್ದ. ನಾನು ಫೋನು ತೆಗೆದಿಡಿಸಿದೆ. ಏನು ಮಾತಾಡಲಿ ಅಂದ. ಇವತ್ತು ಎಷ್ಟನೇ ಸ್ಲ್ಯಾಬ್ ಹಾಕಿದೆ ಅಂತ ಹೇಳು ಅಂದೆ. ದಿನಾ ಹೇಳಿದ. ಬೊಗೊಟಾದಲ್ಲಿ 1993ರಿಂದ 1996ರ ನಡುವೆ ಹುಟ್ಟಿದ ಇಂಥ ಕೂಸುಗಳನ್ನು 20 ವರ್ಷದ ಮೇಲೆ ಹುಡುಕಿ ನೋಡಿದ್ದಾರೆ. ಎದೆಗೆ ಕಟ್ಟಿ ಬೆಳೆಸಿದವರಲ್ಲಿ ಸಿಡುಕು, ಚಡಪಡಿಕೆ ಕಡಿಮೆ ಇತ್ತು. ಶಾಲೆ ತಪ್ಪಿಸಿದ್ದೂ ಕಡಿಮೆ. ಅವರ ಮನೆಯವರು ಮಕ್ಕಳ ಜೊತೆ ಹೆಚ್ಚು ಅಕ್ಕರೆಯಿಂದ ಇದ್ದರು.

ಯಾವಾಗ ಓಡಬೇಕು

ಹಾಲು ಬಿಟ್ಟರೆ ಅಥವಾ ಮೊದಲಿಗಿಂತ ತೀರಾ ಕಡಿಮೆ ಕುಡಿದರೆ. ಎಬ್ಬಿಸಿದರೂ ಏಳದಿದ್ದರೆ. ಮೈ ಸುಡುತ್ತಿದ್ದರೆ, ಅಥವಾ ಎದೆಗೆ ಹಾಕಿದ ಮೇಲೂ ತಣ್ಣಗಿದ್ದರೆ. ಫಿಟ್ಸ್ ಬಂದರೆ. ತುಟಿ ನೀಲಿಯಾದರೆ, ಉಸಿರು ನಿಂತು ನಿಂತು ಬಂದರೆ. ಉಸಿರೆಳೆಯುವಾಗ ಪಕ್ಕೆ ಒಳಕ್ಕೆ ಸೇದಿದರೆ. ಕೂಸು ಶಾಂತವಾಗಿರುವಾಗ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಇನ್ನೊಮ್ಮೆ ಎಣಿಸಿ, ಮತ್ತೂ ಅಷ್ಟೇ ಇದ್ದರೆ ಹೊರಡಿ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲೂ ಕೂಸು ಎದೆಯ ಮೇಲೇ ಇರಲಿ, ಆಂಬುಲೆನ್ಸಿನಲ್ಲೂ ರಿಕ್ಷಾದಲ್ಲೂ. ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ಎಳೆ ಕೂಸಿಗೆ ಚಿಕಿತ್ಸೆ ಉಚಿತ, ಜನನಿ ಶಿಶು ಸುರಕ್ಷಾ ಯೋಜನೆ 2011ರಿಂದ ಇದೆ. ದುಡ್ಡಿಲ್ಲ ಅಂತ ಮನೆಯಲ್ಲಿ ಕೂರಬೇಡಿ.

ಮನೆಗೆ ಬರುವ ಆಶಾ ಅಥವಾ ಆರೋಗ್ಯ ಸೇವಿಕೆಯನ್ನು ಬಾಗಿಲಲ್ಲೇ ಕಳಿಸಬೇಡಿ. ಮನೆಮನೆಗೆ ಹೋಗಿ ಎಳೆ ಕೂಸನ್ನು ನೋಡುವ ಈ ಪದ್ಧತಿ ಬೆಳೆದಿದ್ದು ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ, ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಕೈಯಲ್ಲಿ. ಹಳ್ಳಿಯ ಹೆಣ್ಣುಮಕ್ಕಳಿಗೇ ಕಲಿಸಿ ಎಷ್ಟೋ ಕೂಸುಗಳನ್ನು ಉಳಿಸಿದರು. ಆಮೇಲೆ ಬೇರೆ ದೇಶದವರೂ ಅದನ್ನು ನೋಡಿ ಕಲಿತರು.

ತೂಕ ಒಂದೇ ತಕ್ಕಡಿಯಲ್ಲಿ ನೋಡಿಸಿ. ಮೊದಲ ವಾರ ಸ್ವಲ್ಪ ಇಳಿಯುತ್ತದೆ, ಹೆದರಬೇಡಿ. ಆಮೇಲೆ ಕಿಲೋಗೆ ದಿನಕ್ಕೆ 15 ಗ್ರಾಂ ಆದರೂ ಏರಬೇಕು. 1,640 ಗ್ರಾಂ ಕೂಸಾದರೆ ದಿನಕ್ಕೆ ಸುಮಾರು 25 ಗ್ರಾಂ. ಇನ್ನೊಂದು ಬಹಳ ಮುಖ್ಯ: 2,000 ಗ್ರಾಂಗಿಂತ ಕಡಿಮೆ ತೂಕ ಇದ್ದರೆ, ಅಥವಾ 34 ವಾರಕ್ಕೆ ಮೊದಲು ಹುಟ್ಟಿದ್ದರೆ, 30 ದಿನದೊಳಗೆ ಕಣ್ಣಿನ ಪರದೆ ಪರೀಕ್ಷೆ ಆಗಲೇಬೇಕು. ಇನ್ನೂ ತೀರಾ ಸಣ್ಣ ಕೂಸಿಗೆ ಅದಕ್ಕೂ ಮೊದಲೇ. ಹೊರಗಿನಿಂದ ಕಣ್ಣು ಚೆನ್ನಾಗೇ ಕಾಣುತ್ತದೆ, ಒಳಗೆ ದೃಷ್ಟಿ ಹೋಗುತ್ತಿರುತ್ತದೆ. ತಡವಾದರೆ ಮರಳಿ ಬರುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಆ ತಾರೀಖು ಬರೆಸಿಕೊಂಡೇ ಮನೆಗೆ ಬನ್ನಿ.

ಯಾವಾಗ ನಿಲ್ಲಿಸಬೇಕು ಅಂತ ಕೂಸೇ ಹೇಳುತ್ತದೆ. 2,500 ಗ್ರಾಂ ಹತ್ತಿರ ಬಂದಾಗ ಒದೆಯುತ್ತದೆ, ಕೈ ಹೊರಗೆ ಎಳೆಯುತ್ತದೆ, ಕಟ್ಟಿದಾಗಲೆಲ್ಲ ಅಳುತ್ತದೆ. ಭಾಂಡುಪ್‌ನ ಕೂಸು ಐದು ವಾರಕ್ಕೆ 2,520 ಆಯಿತು. ಒಂದು ರಾತ್ರಿ ಅಪ್ಪನ ಎದೆಯ ಮೇಲಿದ್ದಾಗ ಕುಲಾವಿ ಕಿತ್ತು ಹಾಕಿ, ಎರಡೂ ಕಾಲು ಚಾಚಿ, ಗಂಟನ್ನೇ ಸಡಿಲ ಮಾಡಿತಂತೆ. ಮರುದಿನ ಅತ್ತೆ ಫೋನಿನಲ್ಲಿ ಹೇಳುವಾಗ ನಗುತ್ತಿದ್ದರು, ಅಳುತ್ತಲೂ ಇದ್ದರು.

ಕಟ್ಟುವ ಬಟ್ಟೆ ಮೂರಾದರೂ ಇರಲಿ. ಮಳೆಗಾಲದಲ್ಲಿ ಮುಂಬೈಯಲ್ಲಿ ಯಾವುದೂ ಒಣಗುವುದಿಲ್ಲ. ಹಸಿ ಇದ್ದದ್ದನ್ನು ಹಾಗೇ ಕಟ್ಟಬೇಡಿ, ಬಿಸಿ ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿ, ಆರಲು ಬಿಟ್ಟು ಕಟ್ಟಿ. ನಿಮ್ಮ ಕೂಸಿಗೆ ಸಾಕಾದ ಮೇಲೆ ಬಿಸಿನೀರಿನಲ್ಲಿ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಮಡಚಿಟ್ಟಿರಿ. ನಿಮ್ಮ ಚಾಳಿನಲ್ಲಿ, ನಿಮ್ಮ ಸೈಟಿನಲ್ಲಿ ಇನ್ನೊಂದು ಸಣ್ಣ ಕೂಸು ಹುಟ್ಟಿದ ಸುದ್ದಿ ಬಂದರೆ ಅದನ್ನು ತೆಗೆದುಕೊಂಡು ಹೋಗಿ, ಗಂಟು ಹಾಕುವುದನ್ನು ನೀವೇ ತೋರಿಸಿಕೊಡಿ. ಭಾಂಡುಪ್‌ನ ಮನೆಯ ಬಟ್ಟೆ ಈಗ ಕಲ್ಯಾಣದಲ್ಲಿದೆ, ಅವಳಿ ಕೂಸುಗಳ ಮನೆಯಲ್ಲಿ. ಅಲ್ಲಿ ಇನ್ನೂ ಒಂದು ಬಟ್ಟೆ ಬೇಕಾಗಿದೆ.